ಮೂಗು ಭದ್ರವಾಗಿದೆ

ರಿಟೈರಾದ ಹೆಡ್ಮೇಷ್ಟ್ರು ಅಂದು ಬೆಳಿಗ್ಗೆ ಪೇಪರ್ ಓದದೇ ಇದ್ದಿದ್ದರೆ, ಎದುರುಮನೆಯ ಟೇಲರ್ ಸಂಜೆ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಆದರೆ ರಿಟೈರಾದವರು ಪೇಪರ್ ಓದದೆ ಇನ್ನೇನು ಮಾಡಬೇಕು, ನೀವೇ ಹೇಳಿ.

"ಏನಯ್ಯಾ, ನೋಡಿದ್ಯಾ? ಹಳೇ ಲಾರಿಗಳ ಬಾನೆಟ್ ಕದೀತಿದ್ದಾರಂತೆ! ದೊಡ್ಡ ಹೋಟೆಲಿನೋರು ಚೆಂದಕ್ಕೆ ಗೋಡೆಗೆ ತಗುಲಿ ಹಾಕ್ತಾರಂತೆ!" ಎಂದು ಅವರು ಮೆಟ್ಟಿಲ ಮೇಲಿಂದಲೇ ಕೂಗಿದರು.

ಟೇಲರ್ ಬಾಯಲ್ಲಿದ್ದ ಗುಂಡುಪಿನ್ನು ನುಂಗುವುದೊಂದು ಬಾಕಿ. ಅಂಗಡಿಯ ಪಕ್ಕದಲ್ಲೇ ಅಪ್ಪನ ಲಾರಿ ನಿಂತಿತ್ತು. ಅರವತ್ತು ವರ್ಷ ಹಳೆಯದು, ಉದ್ದ ಮೂತಿಯದು. ಅದರ ಬಾನೆಟ್ಟನ್ನು ಅಪ್ಪ 'ಮೂಗು' ಎಂದೇ ಕರೆಯುತ್ತಿದ್ದ. ನಂಬರ್ ಪ್ಲೇಟು ತುಕ್ಕು ತಿಂದು ಎಂದೋ ಉದುರಿತ್ತು. ಲಾರಿ ಯಾರದೆನ್ನಲು ಉಳಿದ ಗುರುತೆಂದರೆ ಮೂಗಿನ ಮೇಲೆ ಹಳದಿ ಬಣ್ಣದಲ್ಲಿ ಬರೆಸಿದ್ದ ಅಪ್ಪನ ಹೆಸರು. ಎರಡು ವರ್ಷದಿಂದ ಪೊರೆ ಬಂದು ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. ಈಗ ಆಪರೇಷನ್ ಆಗಿ, ಇವತ್ತು ಸಂಜೆ ಐದಕ್ಕೆ ಕಟ್ಟು ಬಿಚ್ಚುವವರಿದ್ದರು. "ಮೊದಲು ನನ್ನ ಲಾರಿ ತೋರಿಸು ಕಣೋ. ನಿನ್ನ ಮುಖ ಆಮೇಲೆ ನೋಡ್ಕೋತೀನಿ" ಎಂದಿದ್ದ ಅಪ್ಪ.

ಅಂಥ ದಿನವೇ ಮೂಗು ಹೋಗಿಬಿಟ್ಟರೆ?

ಟೇಲರ್ ಸರಪಳಿ ಸುತ್ತಿ ಬೀಗ ಜಡಿದ. "ಇಲ್ಲೇನೋ ಬೆಲೆಬಾಳೋದಿದೆ ಅಂತ ಕಳ್ಳನಿಗೆ ನೀನೇ ಹೇಳಿದ ಹಾಗಾಯ್ತು" ಎಂದರು ಹೆಡ್ಮೇಷ್ಟ್ರು. ಸರಪಳಿ ಬಿಚ್ಚಿದ. ಕಳ್ಳನ ಕೈ ಜಾರಲೆಂದು ಗ್ರೀಸ್ ಬಳಿದ. ಹೊಸ ಬಿಳೀ ಪ್ಯಾಂಟು ಹಾಕಿಕೊಂಡು ತೋರಿಸಲು ಬಂದ ಗಿರಾಕಿ ಅದಕ್ಕೇ ಒರಗಿ ನಿಂತ. ಅವನು ಬೈದ ಬೈಗುಳ ಇಲ್ಲಿ ಬೇಡ.

"ಬಿಚ್ಚಿ ಮನೆಯೊಳಗೇ ಇಟ್ಕೊಂಬಿಡಯ್ಯ. ಇಲ್ಲದ ಮೂಗನ್ನ ಯಾವನು ಕದೀತಾನೆ?" ಎಂದರು ಹೆಡ್ಮೇಷ್ಟ್ರು.

ಈ ಮಾತು ಟೇಲರ್ ತಲೆಗೆ ಹತ್ತಿತು. ಟೇಪು ಹಿಡಿದು ಬಾನೆಟ್ ಅಳೆದ, ಬಾಗಿಲು ಅಳೆದ. ಎರಡಿಂಚು ಲೂಸ್! ನಟ್ಟು ಬಿಚ್ಚಿ, ದಾರಿಹೋಕರಿಬ್ಬರ ಕೈ ಹಿಡಿಸಿ, ಅಪ್ಪನ ಮಂಚದ ಮೇಲೆ ಮಲಗಿಸಿ ಹೊದಿಕೆ ಹೊದಿಸಿದ. ನಾಲ್ಕಕ್ಕೆ ಮತ್ತೆ ಕೂರಿಸಿದರಾಯಿತು ಎಂದುಕೊಂಡು, ಕೈಯ ಗ್ರೀಸ್ ತೊಳೆಯಲು ಹಿತ್ತಲಿಗೆ ಹೋದ. ಸೀಮೆಎಣ್ಣೆ, ಸೋಪು, ಮರಳು ಎಲ್ಲ ಹಾಕಿ ಉಜ್ಜುವಷ್ಟರಲ್ಲಿ ಅರ್ಧ ಗಂಟೆಯಾಯಿತು.

ಹೊರಗೆ ಬಂದು ನೋಡಿದರೆ ಲಾರಿಯೇ ಇಲ್ಲ.

"ನಗರಸಭೆಯೋರು ಎಳ್ಕೊಂಡು ಹೋದ್ರಯ್ಯ" ಎಂದರು ಹೆಡ್ಮೇಷ್ಟ್ರು. "ಬೀದೀಲಿ ಬಿಟ್ಟಿರೋ ಗುಜರಿ ಗಾಡಿ ಎಲ್ಲ ತೆಗೀತಿದ್ದಾರೆ. ಇದೂ ಗುಜರೀನಾ ಅಂತ ಕೇಳಿದ್ರು. ಯಜಮಾನ ಈಗಷ್ಟೇ ಬಾನೆಟ್ ಬಿಚ್ಕೊಂಡು ಹೋದ ಅಂತ ಇದ್ದಿದ್ದು ಇದ್ದ ಹಾಗೆ ಹೇಳಿದೆ. ನಾನು ಜನ್ಮದಲ್ಲಿ ಸುಳ್ಳು ಹೇಳೋನಲ್ಲ."

ಟೇಲರ್ ನಗರಸಭೆಯ ಗೋಡೌನಿಗೆ ಎದ್ದುಬಿದ್ದು ಓಡಿದ.

"ಇಲ್ಲಿ ಹನ್ನೊಂದು ಹಳೇ ಲಾರಿ ಇವೆ. ನಿಮ್ದು ಅನ್ನೋಕೆ ಕಾಗದ ಎಲ್ಲಿ?" ಎಂದ ಕಾವಲುಗಾರ.

"ಕಾಗದ ಲಾರಿಯೊಳಗೇ ಇದೆ."

"ಒಳಗೆ ಬಿಡೋಕೆ ಕಾಗದ ಬೇಕು."

"ಬಾನೆಟ್ ಮೇಲೆ ನಮ್ಮಪ್ಪನ ಹೆಸರಿದೆ ಕಣಣ್ಣಾ."

"ಹಾಗಾದ್ರೆ ಬಾನೆಟ್ ತನ್ನಿ, ಯಾವುದಕ್ಕೆ ಕೂರುತ್ತೋ ನೋಡೋಣ. ಬೇಗ ಬನ್ನಿ, ನಾಳೆ ಎಂಟಕ್ಕೆ ಗುಜರಿಯೋರು ಬಂದು ಎಲ್ಲಾನೂ ಒಡೀತಾರೆ."

ಟೇಲರ್ ತಳ್ಳುಗಾಡಿಯೊಂದನ್ನು ಕೇಳಿ ತಂದು, ಮೂಗನ್ನು ಅದರ ಮೇಲೇರಿಸಿದ. ಕಳ್ಳರ ಕಣ್ಣಿಗೆ ಬೀಳದಿರಲೆಂದು ಅದೇ ಹೊದಿಕೆ ಹೊದಿಸಿದ. ಎರಡು ಬೀದಿ ದಾಟಿರಲಿಲ್ಲ, ಪೊಲೀಸ್ ಜೀಪು ಅಡ್ಡ ನಿಂತಿತು. ಬೆಳಿಗ್ಗೆ ಒಂಬತ್ತಕ್ಕೇ ಹೆಡ್ಮೇಷ್ಟ್ರು ಠಾಣೆಗೆ ಫೋನ್ ಮಾಡಿ, ಬಾನೆಟ್ ಸಾಗಿಸುವವರು ಯಾರೇ ಕಂಡರೂ ಬಿಡಬೇಡಿ ಎಂದು ದೂರು ಕೊಟ್ಟಿದ್ದರು.

"ಲಾರಿ ತೋರಿಸು, ಬಾನೆಟ್ ತಗೊಂಡು ಹೋಗು" ಎಂದ ಪೇದೆ.

"ಬಾನೆಟ್ ತೋರಿಸಿದ್ರೇನೇ ಲಾರಿ ಕೊಡೋದು ಸ್ವಾಮಿ!"

"ಅದೆಲ್ಲ ನಾಳೆ ಹನ್ನೊಂದಕ್ಕೆ ಸಾಹೇಬ್ರು ಬಂದ್ಮೇಲೆ" ಎಂದು ಪೇದೆ ಅವನನ್ನೂ ಮೂಗನ್ನೂ ಠಾಣೆಗೆ ಸಾಗಿಸಿದ.

ಸುದ್ದಿ ತಿಳಿದ ಹೆಡ್ಮೇಷ್ಟ್ರು ಐದೂವರೆಗೆ ಅಪ್ಪನನ್ನು ಆಸ್ಪತ್ರೆಯಿಂದ ನೇರ ಠಾಣೆಗೇ ಕರೆತಂದರು. "ಇವನು ಕಳ್ಳ ಅಲ್ಲ, ನಾನೇ ಸಾಕ್ಷಿ" ಎಂದರು.

"ದೂರು ಕೊಟ್ಟೋರೂ ನೀವೇ, ಸಾಕ್ಷಿನೂ ನೀವೇನಾ? ಸುಮ್ನೆ ಕೂತ್ಕೊಳ್ಳಿ ಸಾರ್" ಎಂದ ಪೇದೆ.

ಅಪ್ಪ ಕಪ್ಪು ಕನ್ನಡಕ ತೆಗೆದ. ಮಾತಿನಂತೆ ಮಗನ ಮುಖ ನೋಡಲಿಲ್ಲ. ಗೋಡೆಗೆ ಒರಗಿಸಿದ್ದ ಮೂಗಿನ ಹತ್ತಿರ ಹೋಗಿ ಹಳದಿ ಅಕ್ಷರಗಳ ಮೇಲೆ ಬೆರಳಾಡಿಸಿದ. "ಬಣ್ಣ ಹಾಗೇ ಇದೆಯಲ್ಲೋ! ಮಾಸಿಹೋಗಿರುತ್ತೆ ಅಂದ್ಕೊಂಡಿದ್ದೆ" ಎನ್ನುವಾಗ ಅವನ ಮುಖ ಅರಳಿತ್ತು. ಆಮೇಲೆ ಬಾಗಿಲಾಚೆಗೆ ಇಣುಕಿ ಕೇಳಿದ:

"ಮಿಕ್ಕಿದ್ದನ್ನ ಎಲ್ಲಿ ನಿಲ್ಲಿಸಿದ್ದೀಯೋ?"

ಟೇಲರ್‌ ಬೆಳಿಗ್ಗೆ ಸುಮ್ಮನೆ ಗುಂಡಿ ಹಾಕುತ್ತ ಕೂತಿದ್ದರೆ ಈ ಹೊತ್ತಿಗೆ ಅಪ್ಪನನ್ನು ಸ್ಟೀರಿಂಗ್ ಹಿಂದೆ ಕೂರಿಸಿರುತ್ತಿದ್ದ.

ಹೆಡ್ಮೇಷ್ಟ್ರು ಮೆಲ್ಲಗೆ ಅವನ ಭುಜ ತಟ್ಟಿದರು.

"ಏನೇ ಹೇಳು, ಮೂಗು ಮಾತ್ರ ಭದ್ರವಾಗಿದೆ ಕಣಯ್ಯ. ಪೊಲೀಸ್ ಠಾಣೆಯಿಂದ ಯಾವ ಕಳ್ಳ ಕದ್ದಾನು?"