ಚಿತ್ರದ ಮೇಲೊಂದು ಕ್ಯಾಲೆಂಡರ್

ನನ್ನ ಭಾವನಿಗಿಂತ ಕಲ್ಲು ಮೆದುವೆಂದು ನಮ್ಮ ಮನೆಯವರೆಲ್ಲ ಐವತ್ತು ವರ್ಷದಿಂದ ಹೇಳುತ್ತ ಬಂದಿದ್ದಾರೆ. ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪದ ನಾನು, ಇದೊಂದನ್ನು ಮಾತ್ರ ಕಣ್ಣುಮುಚ್ಚಿ ಒಪ್ಪಿದ್ದೆ!

ಒಪ್ಪದಿರುವುದು ಹೇಗೆ? ಒಮ್ಮೆ ಟೋವಾ ಪಾಯೋ ಸ್ಟೇಷನ್ನಿನಲ್ಲಿ ಭಾವ, ಎಂದಿನಂತೆ ಅಕ್ಕನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದು ಎಂಆರ್‌ಟಿ ರೈಲು ಹತ್ತಿಬಿಟ್ಟರು. ಬಾಗಿಲು ಮುಚ್ಚಿತು. ಅಕ್ಕ ಪ್ಲಾಟ್‌ಫಾರ್ಮಿನಲ್ಲೇ ಉಳಿದಳು. ಎರಡು ಸ್ಟೇಷನ್ ದಾಟಿದ ಮೇಲೆ ತಿರುಗಿ ನೋಡಿ, ಮರಳಿ ಬಂದು ಗದರಿದರು: “ಡೋರ್ ಕ್ಲೋಸ್ ಆಗುತ್ತೆ ಅಂತ ಗೊತ್ತಾಗಲ್ವಾ ನಿಂಗೆ?”

“ಗೊತ್ತಾಯ್ತು. ಅದಕ್ಕೇ ಹತ್ತಲಿಲ್ಲ!” ಎಂದಳು ಅಕ್ಕ.

ಇಂಥವರ ಮದುವೆಯ ಐವತ್ತನೇ ವರ್ಷಕ್ಕೆ, ಪಾಯಾ ಲೆಬಾರ್‌ನಲ್ಲಿ ಕೆಲಸ ಮಾಡುವ ಮೊಮ್ಮಗಳು ಒಂದು ಚಿತ್ರದ ದೊಡ್ಡ ಪ್ರತಿಯನ್ನು ಫ್ರೇಮ್ ಹಾಕಿಸಿ ತಂದಳು. ಹಾಲೆಂಡಿನ ಹಳೆಯ ಮಹಾಚಿತ್ರಕಾರನೊಬ್ಬ ಬರೆದ ಪ್ರಸಿದ್ಧ ದಂಪತಿ: ಹೊಂಬಣ್ಣದ ಅಂಗಿತೋಳಿನ ಗಂಡು, ಕೆಂಪು ಉಡುಪಿನ ಹೆಣ್ಣು, ಅವನ ಅಂಗೈ ಅವಳ ಎದೆಯ ಮೇಲೆ, ಅವಳ ಬೆರಳುಗಳು ಆ ಕೈಯ ಮೇಲೆ.

ಭಾವ ಬೆವರಿದರು. “ಏನಮ್ಮಾ ಇದು! ಗೌರಿ ಹಬ್ಬಕ್ಕೆ ಜನ ಬರ್ತಾರೆ. ಹಾಲ್‌ನಲ್ಲಿ ಇದನ್ನ ಹಾಕೋದಾ?”

“ತಾತ, ವರ್ಲ್ಡ್ ಫೇಮಸ್ ಲಾ!” ಎಂದಳು ಅವಳು, ಇಲ್ಲಿನ ಇಂಗ್ಲಿಷಿನ ರಾಗದಲ್ಲಿ.

ಮೊಮ್ಮಗಳ ಉಡುಗೊರೆ, ತೆಗೆಯುವಂತಿಲ್ಲ, ತೋರಿಸುವಂತಿಲ್ಲ. ಕಡೆಗೆ ತಿಥಿ ನಕ್ಷತ್ರಗಳ ಕ್ಯಾಲೆಂಡರೊಂದನ್ನು ಸರಿಯಾಗಿ ಆ ಕೈಗಳ ಮೇಲೆ ಬರುವಂತೆ ತೂಗುಹಾಕಿದರು! ಉಳಿದದ್ದು ಒಂದನ್ನೊಂದು ನೋಡದ ಎರಡು ಮುಖಗಳು. ಹಬ್ಬಕ್ಕೆ ಬಂದ ಹೆಂಗಸೊಬ್ಬರು ಕೇಳಿದರು: “ಇವರಿಬ್ರೂ ಜಗಳ ಆಡಿದ್ದಾರಾ, ಅಂಕಲ್?”

“ಮದುವೆ ಆಗಿದೆಯಲ್ಲಮ್ಮ,” ಎಂದರು ಭಾವ.

ನಾನು ಹೆಚ್ಚು ಶಾಲೆ ಕಂಡವನಲ್ಲ, ಗ್ರಂಥಾಲಯವೇ ಗುರು. ಹೋಗಿ ಹುಡುಕಿದರೆ, ಒಂದು ಪುಸ್ತಕ ಅವರನ್ನು ಧರ್ಮಗ್ರಂಥದ ದಂಪತಿ ಎಂದಿತು. ಇನ್ನೊಂದು, ಹಿಂದೆ ಅವರನ್ನು ತಂದೆ ಮಗಳೆಂದೂ ತಿಳಿದಿದ್ದರು ಎಂದಿತು. ಮತ್ತೊಂದು, ವೇಷ ತೊಟ್ಟು ನಿಂತ ಯಾರೋ ಗಂಡಹೆಂಡಿರು ಎಂದಿತು. ಚಿತ್ರದ ಹೆಸರೂ ಚಿತ್ರಕಾರನಿಟ್ಟದ್ದಲ್ಲವಂತೆ! ಈ ವಯಸ್ಸಿನಲ್ಲಿ ಯಾರನ್ನು ನಂಬಲಿ? ದಣಿದು ಮೂರನ್ನೂ ಹಿಂದಿರುಗಿಸಿದೆ.

ಹೋದ ತಿಂಗಳು ಅಕ್ಕನ ಹೃದಯದ ಕವಾಟವನ್ನು ಬದಲಿಸಬೇಕಾಯಿತು. ಈ ವಯಸ್ಸಿಗೆ ಅಪಾಯವಿದೆಯೆಂದು ಡಾಕ್ಟರು ವಿವರಿಸುತ್ತಿದ್ದರೆ, ಭಾವ “ಇಲ್ಲಿ ಏಸಿ ತುಂಬಾ ಜಾಸ್ತಿ” ಎಂದು ಗೊಣಗಿದರು. ಕಲ್ಲೇ ಸರಿ ಎಂದುಕೊಂಡೆ. ಅಕ್ಕ ಉಳಿಯದಿದ್ದರೆ, ಐವತ್ತು ವರ್ಷ ಒಂದು ಕಲ್ಲಿನೊಡನೆ ಬಾಳಿ ಹೋದಳಲ್ಲ ಎಂಬ ಸಂಕಟವನ್ನು ನಾನು ಹೊರಬೇಕಾಗಿತ್ತು.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಹೋಗಿ ಮಂಚದ ಸುತ್ತಲಿನ ಪರದೆ ಸರಿಸಿದೆ. ಭಾವನ ಅಂಗೈ ಅಕ್ಕನ ಎದೆಯ ಮೇಲಿತ್ತು; ಅಕ್ಕನ ಬೆರಳುಗಳು ಆ ಕೈಯ ಮೇಲಿದ್ದವು. ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ನೋಡಿದ್ದರೆ ಇಬ್ಬರೂ ಅತ್ತುಬಿಡುತ್ತಿದ್ದರು. ಇದನ್ನು ಆ ಮೂರು ಪುಸ್ತಕಗಳಲ್ಲಿ ಒಂದೂ ಬರೆದಿರಲಿಲ್ಲ.

ಅಕ್ಕ ನನ್ನನ್ನು ಕಂಡಳು. “ರೀ, ತಮ್ಮ ಬಂದಿದ್ದಾನೆ,” ಎಂದಳು ಮೆಲ್ಲಗೆ. “ಕ್ಯಾಲೆಂಡರ್ ತಂದಿಲ್ವಲ್ಲ!”

ಭಾವ ಕೈ ತೆಗೆಯಲಿಲ್ಲ.