ಪಿಚ್ಚರ್ ಹುಡುಗಿಯ ಮೂರು ಚೆಂಡು

ನಾನಾಗಿ ಜಗಳ ಹುಡುಕಿಕೊಂಡು ಹೋದವಳಲ್ಲ. ನನ್ನ ಬಲಗೈ ಎಲ್ಲಿರುತ್ತಿತ್ತೋ ಅಲ್ಲಿಗೆ ಅದೇ ಬರುತ್ತಿತ್ತು. ಮಳವಳ್ಳಿ, ಮದ್ದೂರು, ಮಂಡ್ಯ ಮೂರು ಕಡೆಯೂ ಸಾಫ್ಟ್‌ಬಾಲ್ ಎಸೆದು ಹೆಸರು ಮಾಡಿದವಳು ನಾನು. ಹೆಸರು ಬಂದ ಹಾಗೆಲ್ಲ ಬುದ್ಧಿ ಹೇಳುವವರೂ ಬಂದರು. ಎಲ್ಲರದೂ ಒಂದೇ ಮಾತು, "ಸಾಕು ಬುಡಮ್ಮಿ." ನಾನು ಬಿಡಲಿಲ್ಲ. ಬಿಡದೆ ಇದ್ದದ್ದಕ್ಕೆ ಏನೇನಾಯಿತು ಅಂತ ಹೇಳುತ್ತೇನೆ, ನಗುವವರು ನಗಲಿ.

೧. ಮೆತ್ತನೆ ಚೆಂಡು

ನಮ್ಮಪ್ಪ ಮಳವಳ್ಳಿ ಹತ್ತಿರದ ಬ್ಲಫ್ ಅನ್ನುವ ಊರಿನಲ್ಲಿ, ಕರೆಂಟು ಮಾಡುವ ಕಡೆ ಫಿಟ್ಟರ್. ರಜ ಬಂದರೆ ನಾನು ಕೊತ್ತತ್ತಿಯ ಅಜ್ಜಿ ಮನೆಯಲ್ಲಿ. ಅಲ್ಲಿ ಹೊಲದ ಕಾವಲಿನ ಅಟ್ಟಣೆ ಹತ್ತಿ, ಜೋಳಕ್ಕೆ ಬೀಳುವ ಗಿಣಿಗಳಿಗೆ ಕವಣೆ ಬೀಸುವುದು ನನ್ನ ಕೆಲಸ. ಹಗ್ಗದಲ್ಲಿ ಕಲ್ಲಿಟ್ಟು ಗಿರ್ರನೆ ತಿರುಗಿಸಿ ಬಿಡಬೇಕು. ಆ ಅಭ್ಯಾಸ ಎಷ್ಟಾಯಿತೆಂದರೆ ಬ್ಲಫಿಗೆ ಬಂದ ಮೇಲೆ ಬರಿಗೈಯನ್ನೇ ಹಾಗೆ ಸುತ್ತಿಸಿ ಕಲ್ಲೆಸೆದು ಹುಣಸೆಕಾಯಿ ಉದುರಿಸುತ್ತಿದ್ದೆ.

ಅಮೆರಿಕದಿಂದ ಬಂದಿದ್ದ ಇಂಜಿನಿಯರೊಬ್ಬರ ಹೆಂಡತಿ ಒಂದು ದಿನ ಅದನ್ನು ನೋಡಿದರು. ನಾವು ಅವರನ್ನು ದೊರೆಸಾನಿ ಅನ್ನುತ್ತಿದ್ದೆವು. ಅವರ ದೇಶದ ಹೆಣ್ಣುಮಕ್ಕಳ ಆಟವೊಂದರಲ್ಲಿ ಚೆಂಡನ್ನು ಹೀಗೇ, ಕೈ ಕೆಳಗಿನಿಂದ ತಂದು ಎಸೆಯಬೇಕಂತೆ. ಎದುರಿನವಳ ಬ್ಯಾಟಿಗೆ ಮೂರು ಸಲವೂ ಚೆಂಡು ತಾಗದಿದ್ದರೆ ಔಟು. ಕ್ವಾರ್ಟರ್ಸಿನ ಒಂಬತ್ತು ಹುಡುಗಿಯರನ್ನು ಸೇರಿಸಿ ತಂಡ ಕಟ್ಟಿದರು. ಸಾಫ್ಟ್ ಅಂದರೆ ಮೆತ್ತಗೆ ಅಂತ ಅವರ ಅಡುಗೆಯವನು ಅರ್ಥವನ್ನೂ ಹೇಳಿದ.

ಅದನ್ನು ನಂಬಿ ಮೊದಲ ದಿನವೇ ಚೆಂಡನ್ನು ಬರಿಗೈಯಲ್ಲಿ ಹಿಡಿಯಲು ಹೋದೆ. ಹೆಬ್ಬೆರಳು ಬದನೆಕಾಯಿ ಹಾಗೆ ಊದಿತು. ಅಪ್ಪ ಅರಿಸಿನ ಹಚ್ಚುತ್ತಾ ಕೇಳಿದರು, "ಮೆತ್ತನೆ ಚೆಂಡು ಅಂದೆಯಲ್ಲ ಮಗ?"

"ಹೆಸರು ಮಾತ್ರ ಮೆತ್ತಗದೆ ಕಣಪ್ಪ."

ಅಪ್ಪ ಅಡುಗೆಮನೆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಹೆಸರ ನಂಬಬ್ಯಾಡ ಮಗ. ನಿಮ್ಮವ್ವನ ಹೆಸರೂ ಶಾಂತಮ್ಮ."

೨. ಉದ್ಘಾಟನೆ

ಎರಡನೇ ಮಹಾಯುದ್ಧ ಶುರುವಾದಾಗ ದೊರೆಸಾನಿ ಊರಿಗೆ ಹೊರಟರು. ಒಂದು ಬ್ಯಾಟು, ಒಂದು ಚೆಂಡು ನಮಗೇ ಬಿಟ್ಟು ಹೋದರು. ಮಳವಳ್ಳಿಯ ಹುಡುಗಿಯರ ಸ್ಕೂಲಿನ ಡ್ರಿಲ್ ಟೀಚರಮ್ಮ ನಮ್ಮ ತಂಡವನ್ನು ವಹಿಸಿಕೊಂಡರು.

ಮದ್ದೂರಿನಲ್ಲಿ ಒಂದು ಆಟ. ಉದ್ಘಾಟನೆಗೆ ಅಲ್ಲಿನ ಹಿರಿಯರೊಬ್ಬರನ್ನು ಕರೆದಿದ್ದರು. ಕೋಟು, ಕಚ್ಚೆಪಂಚೆ, ಜರಿಪೇಟ. ಹೆಣ್ಣಿನ ಕೈ ಇರುವುದು ರಂಗೋಲಿಗೆ, ಎಸೆಯುವುದಕ್ಕಲ್ಲ ಅಂತ ಅರ್ಧ ಗಂಟೆ ಮಾತಾಡಿದರು. ನಾವು ಒಂಬತ್ತು ಜನ ಬಿಸಿಲಲ್ಲಿ ನಿಂತು ಕೇಳಿದೆವು. ಆಮೇಲೆ ಮೊದಲ ಚೆಂಡು ಹೊಡೆಯಲು ಬ್ಯಾಟು ಹಿಡಿದು ಬಂದು, "ಎದರ್ಕಬ್ಯಾಡ ಕಣಮ್ಮಿ, ಮೆಲ್ಲಗೆ ಒಡೀತೀನಿ" ಅಂದರು.

ನಾನು ಮೆಲ್ಲಗೆ ಎಸೆಯಲಿಲ್ಲ. ಚೆಂಡು ಅವರನ್ನು ದಾಟಿ ಹೋಯಿತು. "ನಾನಿನ್ನೂ ಸರ್ಯಾಗಿ ನಿಂತಿರ್ನಿಲ್ಲ" ಅಂದರು. ಎರಡನೆಯದೂ ಹೋಯಿತು. "ಬಿಸ್ಲು ಕಣ್ಗೆ ಒಡೀತು" ಅಂದರು. ಮೂರನೆಯದಕ್ಕೆ ಬೀಸಿದ ರಭಸಕ್ಕೆ ಒಂದು ಸುತ್ತು ತಿರುಗಿ ಕೂತೇಬಿಟ್ಟರು. ಪೇಟ ಉರುಳಿಕೊಂಡು ನಮ್ಮ ಟೀಚರಮ್ಮನ ಕಾಲ ಹತ್ತಿರ ನಿಂತಿತು.

"ಔಟು" ಅಂದೆ.

"ಉದ್ಘಾಟ್ನೇಲಿ ಔಟ್ ಇರಾಕಿಲ್ಲ" ಅಂದರು, ಕೂತಲ್ಲಿಂದಲೇ.

"ಸರಿ ಬುಡಿ ಯಜಮಾನ್ರೆ. ಉದ್ಘಾಟ್ನೆ ಆಯ್ತಲ್ಲ, ಎದ್ದು ನಿಂತ್ಕಳಿ. ಇನ್ನು ಮೂರು ಚೆಂಡಲ್ಲಿ ವಂದನಾರ್ಪಣೆ ಮಾಡ್ಬುಡ್ತೀನಿ."

೩. ಚೆಂಡಿನ ಹೊಲಿಗೆ

ಯುದ್ಧ ಮುಗಿಯುವವರೆಗೂ ನಮ್ಮ ಹತ್ತಿರ ಇದ್ದದ್ದು ಆ ಒಂದೇ ಚೆಂಡು. ಇನ್ನೊಂದು ಎಲ್ಲೂ ಸಿಗುತ್ತಿರಲಿಲ್ಲ. ಅದರ ಹೊಲಿಗೆ ಬಿಚ್ಚಿ ಬಾಯಿ ಬಿಟ್ಟಾಗ ನಾನು ಮಳವಳ್ಳಿ ಪೇಟೆಯಲ್ಲಿ ಚಪ್ಪಲಿ ಹೊಲಿಯುವ ತಾತನ ಹತ್ತಿರ ಹೋದೆ. ತಾತ ಮೂರು ದಿನ ಇಟ್ಟುಕೊಂಡು, ಒಳಗೆ ತೆಂಗಿನ ನಾರು ತುರುಕಿ, ಚೆನ್ನಾಗಿ ಮೇಣ ತಿಕ್ಕಿದ ದಾರದಲ್ಲಿ ಹೊಲಿದ. ಎಸೆದರೆ ಅದು ದುಂಬಿಯಂತೆ ಗುಂಯ್ ಅನ್ನುತ್ತಿತ್ತು. ಆ ಸದ್ದಿಗೇ ಅರ್ಧ ಜನ ಔಟಾದರು.

ತಾತ ಮಾತ್ರ ಚೆಂಡು ಕೊಡುವಾಗ ಬಹಳ ಬೇಜಾರಿನಲ್ಲಿದ್ದ. ಯಾಕೆ ಅಂತ ಕೇಳಿದೆ.

"ಇದೊಂದ್ನೇ ತಂದಿದ್ದೀಯಲ್ಲವ್ವ" ಅಂದ, "ಇದ್ರ ಜೊತೇದು ಎಲ್ಲಿ?"

೪. ಪಿಚ್ಚರ್

ಈ ಆಟದಲ್ಲಿ ಎಸೆಯುವವಳಿಗೆ ಪಿಚ್ಚರ್ ಅನ್ನುತ್ತಾರೆ. ನಮ್ಮ ಕಡೆ ಟೆಂಟಿನಲ್ಲಿ ತೋರಿಸುವ ಸಿನಿಮಾಕ್ಕೂ ಪಿಚ್ಚರ್ ಅಂತಲೇ ಅನ್ನುವುದು. ಆಗ ಮರ್ಯಾದಸ್ಥರ ಮನೆಯ ಹುಡುಗಿ ಸಿನಿಮಾ ಸೇರಿದಳು ಅಂದರೆ ಆ ಮನೆಗೆ ಯಾರೂ ಹೆಣ್ಣು ಕೇಳಲು ಬರುತ್ತಿರಲಿಲ್ಲ. ಯಾರೋ ಮಳವಳ್ಳಿ ಸಂತೆಯಲ್ಲಿ ನಮ್ಮ ಸೋದರಮಾವನಿಗೆ, "ನಿಮ್ ಸೊಸೆ ಬಾರಿ ಪಿಚ್ಚರ್ ಅಂತಲ್ಲ" ಅಂದುಬಿಟ್ಟರು. ಮಾವ ಸಂತೆಯ ಚೀಲವನ್ನೂ ಮನೆಯಲ್ಲಿಡದೆ ಬಸ್ಸು ಹತ್ತಿ ಬಂದರು.

"ಯಾವ್ ಪಿಚ್ಚರಲ್ಲಿದ್ದೀಯಮ್ಮಿ?"

"ಯಾವ್ದರಲ್ಲೂ ಇಲ್ಲ ಮಾವ. ನಾನೇ ಪಿಚ್ಚರ್."

"ರಾಜಾಪಾರ್ಟು ಯಾರು?"

"ಯಾರೂ ಇಲ್ಲ, ಎಲ್ಲಾ ಎಣ್ಮಕ್ಳೇ."

"ಜನ ನೋಡ್ತಾರಾ?"

"ಸುತ್ತ ನಿಂತ್ಕಂಡು ನೋಡ್ತಾರೆ. ಸಿಳ್ಳೇನೂ ಒಡೀತಾರೆ."

ಮಾವ ಜಗುಲಿಯ ಮೇಲೆ ಕುಸಿದರು. ಅಪ್ಪ ಚೆಂಡು ತೋರಿಸಿ ಎಲ್ಲವನ್ನೂ ಬಿಡಿಸಿ ಹೇಳಿದರೂ ಮಾವ ಒಪ್ಪಲಿಲ್ಲ. "ಪಿಚ್ಚರಾದ್ರೂ ಸೈ, ಚೆಂಡಾದ್ರೂ ಸೈ, ನಮ್ಮನೆ ಎಣ್ಣು ಜನದ ಮುಂದೆ ಕುಣ್ಯಾಕಿಲ್ಲ. ಮೊದ್ಲು ಮದ್ವೆ" ಅಂತ ಚೆಂಡನ್ನು ಮಳವಳ್ಳಿಗೆ ಒಯ್ದು ತಮ್ಮ ರಾಗಿ ಕಣಜದಲ್ಲಿ ಹೂತರು. ಮಂಡ್ಯದಲ್ಲಿ ಗೊತ್ತಾಗಿದ್ದ ಆಟಕ್ಕೆ ಹದಿನೈದೇ ದಿನ ಇತ್ತು. ಆವತ್ತು ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ.

ಆಗ ನಮ್ಮ ಮನೆಗೆ ಬಂದಿದ್ದ ಕೊತ್ತತ್ತಿಯ ಅಜ್ಜಿ ಹತ್ತಿರ ಬಂದು ಕಿವಿಯಲ್ಲಿ ಕೇಳಿತು. "ನಂಗೆ ಮಾತ್ರ ಯೋಳು ಮಗ. ನಿನ್ ಪಿಚ್ಚರ್ನಲ್ಲಿ ಕೊನೀಗೆ ಮದ್ವೆ ಆಯ್ತದಾ?"

"ಅದ್ನೇ ಕಣಜ್ಜಿ ಮಾವ ಈಗ ಮಾಡಾಕೊಂಟಿರೋದು."

೫. ಒನಕೆ

ಮುಂದಿನ ವಾರವೇ ಮಾವ ನಮ್ಮನ್ನು ಮಳವಳ್ಳಿಗೆ ಕರೆಸಿದರು, ಅವರ ಮನೆಗೇ ಹೆಣ್ಣು ನೋಡಲು ಬಂದರು. ಹುಡುಗ ಮಂಡ್ಯದಲ್ಲಿ ಗುಮಾಸ್ತ. ಹಾಡು ಹೇಳು ಅಂದರು. ಬರುವುದಿಲ್ಲ ಅಂದೆ. "ಪಿಚ್ಚರ್ನೋರಿಗೆ ಆಡು ಬರಾಕಿಲ್ವಾ?" ಅಂತ ಹುಡುಗನ ಅಪ್ಪ ನಕ್ಕು, "ಮದ್ವೆ ಆದ್ಮೇಲೆ ಅದ್ನೆಲ್ಲ ಬುಟ್ಬುಡ್ಬೇಕು" ಅಂದರು.

ಕಾಫಿ ತಟ್ಟೆ ಕೆಳಗಿಟ್ಟೆ. "ನಿಮ್ ಮಗ ಎದ್ರು ನಿಂತ್ಕಳ್ಳಿ. ಮೂರೇ ಚೆಂಡು. ಒಂದು ತಾಗಿದ್ರೂ ಆಟ ಇವತ್ತೇ ಬುಡ್ತೀನಿ. ತಾಗ್ನಿಲ್ಲ ಅಂದ್ರೆ ಮದ್ವೆ ಆದ್ರೂ ಆಡ್ತೀನಿ, ಆಗ್ದಿದ್ರೂ ಆಡ್ತೀನಿ."

ಮಾವ ಹಲ್ಲು ಕಡಿದರು. ಹುಡುಗನ ತಾಯಿ ಮಾತ್ರ, "ನೋಡವ ಬುಡಿ" ಅಂತ ಹಿತ್ತಿಲಿಗೆ ನಡೆದರು. ಅವ್ವ ಹೋಗಿ ಕಣಜದಿಂದ ಚೆಂಡು ತೆಗೆದು ತಂದಳು. ಬ್ಯಾಟು ಬ್ಲಫಿನಲ್ಲಿತ್ತು, ಅದಕ್ಕೆ ಹುಡುಗನ ಕೈಗೆ ಒನಕೆ ಕೊಟ್ಟರು. ಚೆಂಡು ಹಿಡಿಯುವವರಿಲ್ಲದೆ ಹಿಂದೆ ನೀರಿನ ಹಂಡೆ ಇಟ್ಟರು.

ಮೊದಲ ಚೆಂಡು ಹಂಡೆಗೆ ಬಡಿದು ಢಣ್ ಅಂದ ಮೇಲೆ ಹುಡುಗ ಒನಕೆ ಬೀಸಿದ. ಹೊಲಿಗೆಯಲ್ಲಿ ಸಿಕ್ಕಿದ್ದ ರಾಗಿಕಾಳು ಅಕ್ಷತೆಯ ಹಾಗೆ ಅವನ ತಲೆಯ ಮೇಲೆ ಉದುರಿತು. ಎರಡನೆಯದಕ್ಕೆ ಒನಕೆಯೇ ಅವನನ್ನು ಬೀಸಿತು. ಇನ್ನು ಉಳಿದದ್ದು ಮೂರನೆಯದು. ಇದು ತಾಗಿದರೆ ಅಷ್ಟು ವರ್ಷದ ಆಟ ಅಲ್ಲಿಗೆ ಮುಗಿಯಿತು. ನಿಜ ಹೇಳುತ್ತೇನೆ, ಹೆದರಿದೆ. ಹೆದರಿಕೊಂಡೇ ಎಸೆದೆ. ಹುಡುಗ ಒನಕೆಯನ್ನು ಹೆಗಲ ಮೇಲಿಟ್ಟುಕೊಂಡು ಸುಮ್ಮನೆ ನಿಂತಿದ್ದ. ಢಣ್.

"ಯಾಕ್ಲಾ, ನಿದ್ದೆ ಬಂತಾ?" ಅಂದರು ಅವರಪ್ಪ.

"ತಾಗಿದ್ರೆ ಆಟ ಬುಡ್ತೀನಿ ಅಂದ್ರಲ್ಲಪ್ಪ. ಮದ್ದೂರಲ್ಲಿ ಪೇಟ ಉರುಳ್ದಾಗ ನಾನೂ ಅಲ್ಲೇ ಇದ್ದೆ. ಇಂಥ ಆಟ ಬುಡಿಸ್ಬಾರ್ದು ಅಂತ ಬೀಸ್ನಿಲ್ಲ."

ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಾವ ಚೆಂಡೆತ್ತಿ, ರಾಗಿ ಒರೆಸಿ, ನನ್ನ ಕೈಗೇ ಕೊಟ್ಟರು. ಮಂಡ್ಯದ ಆಟ ಗೆದ್ದೆವು, ಆಮೇಲೆ ಮದುವೆಯೂ ಆಯಿತು, ಮದುವೆಯಾದ ಮೇಲೂ ಆಡಿದೆ.

ಆವತ್ತು ಬೀಸಿದ್ದರೆ ತಾಗಿಯೇ ತಾಗುತ್ತಿತ್ತು ಅಂತ ನಮ್ಮ ಯಜಮಾನರು ಇವತ್ತಿಗೂ ನೆಂಟರ ಮುಂದೆ ಹೇಳಿಕೊಳ್ಳುತ್ತಾರೆ. ನಾನು ವಾದ ಮಾಡುವುದಿಲ್ಲ. ಮೂಲೆಯಲ್ಲಿರುವ ಒನಕೆ ತಂದು ಅವರ ಮುಂದೆ ಇಡುತ್ತೇನೆ. ಇದುವರೆಗೂ ಅವರು ಅದನ್ನು ಮುಟ್ಟಿಲ್ಲ.