ಹಾಜರಿ ಹೊತ್ತಿನ ಹೋಯ್

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಕೊನೆಯಲ್ಲಿ ಒಪ್ಪಿಕೊಂಡು ದೊಡ್ಡವನಾಗುವ ಉಪಾಯ ನನಗೂ ಗೊತ್ತಿತ್ತು. ಆದರೆ ಆ ಅವಕಾಶವನ್ನು ಒಬ್ಬ ಅಜ್ಜಿ ಉಳಿಸಲಿಲ್ಲ. ರಾಯಬಾಗದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಅತಿಥಿ ಶಿಕ್ಷಕ. ವಿಷಯ ಸಮಾಜ ವಿಜ್ಞಾನ. ಚಟ ಇನ್ನೊಬ್ಬರ ದನಿ ತೆಗೆಯುವುದು. ಮುಖ್ಯಾಧ್ಯಾಪಕರ ಕೆಮ್ಮು, ಕಂಡಕ್ಟರನ ಸೀಟಿ, ಕಬ್ಬಿನ ಟ್ರ್ಯಾಕ್ಟರು ದಿಬ್ಬ ಏರುವಾಗಿನ ಏದುಸಿರು, ಎಲ್ಲ ನನ್ನ ಗಂಟಲಲ್ಲಿವೆ. ನಿನ್ನದೇ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕು. ಉಗಾರ ಬುದ್ರುಕದ ನಮ್ಮ ಅವ್ವ ನಾನು ಮನೆಯಲ್ಲಿದ್ದರೆ ಫೋನಿನಲ್ಲಿ ತಂಗಿಯ ಜೊತೆ ಜಗಳವನ್ನೂ ಆಡುವುದಿಲ್ಲ. "ಈ ಭಾಡ್ಯಾ ಸಂಜೀಕ ಓಣಿಗೆಲ್ಲಾ ಮಾಡಿ ತೋರಸ್ತಾನ" ಎಂದು ಅವಳ ಭಯ. ಜಗತ್ತಿನಲ್ಲಿ ನಾನು ಹೆದರುವುದೂ ಅವಳೊಬ್ಬಳಿಗೇ.

ಈ ವರ್ಷ ಒಂಬತ್ತನೆಯ ತರಗತಿಗೆ ವೈಶಾಲಿ ಬಂದಳು. ಗಡಿಯಾಚೆ ಮರಾಠಿ ಶಾಲೆಯಲ್ಲಿ ಓದಿದವಳು, ಈಗ ಇಲ್ಲಿ ಅಜ್ಜಿಯ ಮನೆಯಲ್ಲಿದ್ದಾಳೆ. ಮೊದಲ ದಿನ ಹಾಜರಿ ಕರೆದಾಗ, ಹೌದು ಅನ್ನುವುದಕ್ಕೆ ಹಳೆಯ ರೂಢಿಯಂತೆ ಮರಾಠಿಯಲ್ಲೇ "ಹೋಯ್ ಸರ್" ಅಂದಳು. ಸ್ವಲ್ಪ ಎಳೆದು, ಕೊನೆಗೆ ಮೂಗಿನಲ್ಲಿ. ನಾನು ಸುಮ್ಮನೆ ಮುಂದಿನ ಹೆಸರು ಕರೆಯಬಹುದಿತ್ತು. ತಲೆ ಓರೆ ಮಾಡಿ "ಹೋಽಽಯ್" ಅಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ವೈಶಾಲಿಯೂ ನಕ್ಕಳೆಂದು ನನಗೆ ನಾನೇ ಹೇಳಿಕೊಂಡೆ. ಮರುದಿನದಿಂದ ಅದು ಬಸ್ಸಿನಲ್ಲಿ, ನಳದ ಹತ್ತಿರ, ಬಿಸಿಯೂಟದ ಸಾಲಿನಲ್ಲಿ ಕೇಳತೊಡಗಿತು. ಹುಡುಗಿ ಹಾಜರಿಗೆ ಬಾಯಿ ಬಿಡದೆ ಬರೀ ಕೈ ಎತ್ತತೊಡಗಿದಳು. ಆಮೇಲೆ ಶಾಲೆಗೇ ಬರಲಿಲ್ಲ.

ಆಗ ನನ್ನ ನ್ಯಾಯಬುದ್ಧಿ ಎಚ್ಚರವಾಯಿತು. ಹೆಚ್ಚು ಕಾಡುತ್ತಿದ್ದ ಮೂವರು ಹುಡುಗರಿಗೆ, "ಅವ್ವನ್ನ ಕರ್ಕೊಂಡ ಬರೂತನಕ ಕ್ಲಾಸಿನ್ಯಾಗ ಕಾಲಿಡಬ್ಯಾಡ್ರಿ" ಎಂದು ಗದರಿದೆ. ಅವ್ವಂದಿರು ಬಂದರು. ವೈಶಾಲಿಯ ಅಜ್ಜಿಯೂ ಬಂದು ಬಾಗಿಲ ಬಳಿ ಕುಳಿತಳು. ಮುಖ್ಯಾಧ್ಯಾಪಕರ ಎದುರಿಗೇ ಅವರ ಗಂಭೀರ ದನಿಯನ್ನು ಎರವಲು ಪಡೆದು, ಮನೆಯಲ್ಲಿ ಕಲಿಸಬೇಕಾದ ಸಂಸ್ಕಾರದ ಬಗ್ಗೆ ಭಾಷಣ ಬಿಗಿದೆ.

"ಅಂಥಾದ್ದೇನ್ ಅಂದಾನ್ರಿ ಸರ್ ನಮ್ಮ ಹುಡುಗ?" ಎಂದು ಒಬ್ಬಾಕೆ ಕೇಳಿದಳು.

"ಏನಂದಾನ? ಕೇಳ್ರಿಲ್ಲೆ" ಎಂದವನೇ ತಲೆ ಓರೆ ಮಾಡಿದೆ. "ಹೋಽಽಯ್!"

ಅವ್ವಂದಿರು ಸೆರಗನ್ನು ಬಾಯಿಗೊತ್ತಿಕೊಂಡರು. ಮುಖ್ಯಾಧ್ಯಾಪಕರಿಗೆ ಚಹಾ ನೆತ್ತಿಗೇರಿತು. ಎಷ್ಟು ಚೆನ್ನಾಗಿ ಬಂತೆಂದರೆ, ಅರೆಗಳಿಗೆ ನನಗೂ ಹೆಮ್ಮೆಯಾಯಿತು.

"ಅಯ್ಯ, ನಮ್ಮಾಂವನೂ ಥೇಟ್ ಹಿಂಗ ತಲಿ ವಾರಿ ಮಾಡ್ತಾನ್ರಿ" ಅಂದಳು ಅದೇ ತಾಯಿ. "ಎಲ್ಲಿ ಕಲ್ತಾನ ಅಂತ ತಿಳೀವಲ್ದಾಗಿತ್ತು."

ನಗು ನಿಂತಿತು. ಅಜ್ಜಿ ಮಾತ್ರ ಮೊದಲಿನಿಂದಲೂ ನಕ್ಕಿರಲಿಲ್ಲ. ಓರೆಯಾದ ನನ್ನ ತಲೆ ಹಾಗೇ ಇತ್ತು, ಅದನ್ನು ನೆಟ್ಟಗೆ ಮಾಡುವುದಕ್ಕೂ ನಾಚಿಕೆ.

"ಆಯಿ, ನಾಳಿಂದ ವೈಶಾಲಿನ್ನ ಕಳಸ್ರಿ. ಎಲ್ಲಾ ನಾ ನೋಡ್ಕೊಂತೀನಿ" ಎಂದು ತೊದಲಿದೆ. ಈ ಸಲ ದನಿ ನನ್ನದೇ ಇತ್ತು, ಬಹಳ ಸಣ್ಣದು.

ಅಜ್ಜಿ ಸೆರಗು ಕೊಡವಿ ಎದ್ದಳು.

"ಆ ಮೂರೂ ಹುಡುಗ್ರು ಅವ್ವನ್ನ ಕರ್ಕೊಂಡ ಬಂದಾರ್ರಿ ಸರ್. ನಾಳಿ ನೀವೂ ನಿಮ್ಮವ್ವನ್ನ ಕರ್ಕೊಂಡ ಬರ್ರಿ. ಆಮ್ಯಾಲ ಕಳಸ್ತೀನಿ."